ಎಂಬತ್ತೆಂಟನೇ ನಂಬರಿನವನು ನಿಂತ ಜಾಗ

ನೀಲಗಂಗಾ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಎರಡು ವರ್ಷದ ಮೇಲೆ ಬಾಡಿಗೆಗೆ ಇದ್ದಳು. ಅಮೆರಿಕದ ಈ ಎಲಿಕಾಟ್ ಸಿಟಿಯಲ್ಲಿ ನಮ್ಮವರ ಬೇಸ್‌ಮೆಂಟುಗಳು ಖಾಲಿ ಇರುವುದು ಕಡಿಮೆ. ಯಾರದೋ ತಂಗಿ, ಯಾರದೋ ಆಫೀಸಿನವರು ಅಂತ ಬರುತ್ತಾರೆ, ಇರುತ್ತಾರೆ, ಒಂದು ದಿನ ಹೋಗುತ್ತಾರೆ. ಇವಳು ನನ್ನ ಮಗಳು ನೀರಜಾಗೆ ದೇವಸ್ಥಾನದ ಅಡುಗೆಮನೆಯಲ್ಲಿ ಪಾತ್ರೆ ಒರೆಸುವಾಗ ಸಿಕ್ಕಿದವಳು. ಬಂದ ದಿನ ಕಾರಿನಿಂದ ಎರಡು ಸೂಟ್‌ಕೇಸು, ಎರಡು ದೊಡ್ಡ ಕಂಪ್ಯೂಟರ್ ಪರದೆ, ಒಂದು ರೊಟ್ಟಿ ಹಂಚು ಇಳಿಸಿದಳು. ನಲವತ್ತಕ್ಕೆ ಹತ್ತಿರದ ವಯಸ್ಸು. ಗದಗದ ಕಡೆಯವಳು, ಮಾತು ನಮ್ಮ ಮೈಸೂರಿನವರ ಹಾಗಲ್ಲ.

"ಏನು ಕೆಲಸಮ್ಮ ನಿಂದು?" ಅಂತ ಕೇಳಿದೆ.

"ಫುಟ್‌ಬಾಲ್ ನೋಡೂದ್ರಿ ಅಮ್ಮಾರ."

"ನೋಡಿದ್ರೆ ಸಂಬಳ ಕೊಡ್ತಾರಾ?"

"ಬರೇ ನೋಡಿದ್ರ ಕೊಡಂಗಿಲ್ಲ. ಯಾರು ಎಲ್ಲಿ ನಿಂತಾರ ಅಂತ ಬರಕೊಂಡ್ರ ಕೊಡ್ತಾರ."

ನಾನು ನಕ್ಕೆ. ಅವಳು ನಗಲಿಲ್ಲ. ಹೀಗೆ ನಕ್ಕವರನ್ನು ಬಹಳ ಜನ ನೋಡಿದ್ದಳು ಅಂತ ಕಾಣುತ್ತೆ. ಹಂಚು ಎಲ್ಲಿ ಇಡಲಿ ಅಂತ ಕೇಳಿದಳು.

ಇಲ್ಲಿಯವರ ಫುಟ್‌ಬಾಲು ನಮ್ಮ ಕಾಲ್ಚೆಂಡಲ್ಲ. ತಲೆಗೆ ಗಟ್ಟಿ ಟೋಪಿ, ಭುಜಕ್ಕೆ ದಿಂಬಿನಂಥದ್ದು ಕಟ್ಟಿಕೊಂಡ ಭಾರಿ ಆಳುಗಳು ಎರಡು ಸಾಲಾಗಿ ಎದುರುಬದುರು ಬಗ್ಗಿ ನಿಲ್ಲುತ್ತಾರೆ. ಸಾಲಿನ ಹಿಂದೆ ನಿಂತ ಒಬ್ಬ 'ಹಟ್' ಅಂತ ಕೂಗುತ್ತಾನೆ. ಕೂಗಿದ ತಕ್ಷಣ ಚೆಂಡು ಅವನ ಕೈಗೆ ಬರುತ್ತೆ, ಮಿಕ್ಕವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಎಂಟು ಹತ್ತು ಸೆಕೆಂಡಿಗೆ ಮುಗಿಯಿತು. ಎದ್ದು, ಉಗಿದು, ಮತ್ತೆ ಸಾಲು. ಹೀಗೆ ಒಂದು ಮ್ಯಾಚಿನಲ್ಲಿ ಐವತ್ತು ಅರವತ್ತು ಸಲ. ಪ್ರತಿ ಸಲ ಒಬ್ಬ ಆಟಗಾರ ಸಾಲಿಗೆ ತಾಗಿ ನಿಂತನೋ ದೂರ ನಿಂತನೋ ಅಂತ ನೀಲಗಂಗಾ ಕಂಪ್ಯೂಟರಿನ ಒಂದು ಕೀಲಿ ಒತ್ತಿ ಗುರುತು ಹಾಕಬೇಕು. ವೀಡಿಯೋ ನಿಲ್ಲಿಸುವುದು, ಹಿಂದಕ್ಕೆ ಎಳೆಯುವುದು, ಮತ್ತೆ ಬಿಡುವುದು. ದಿನಕ್ಕೆ ಎಂಟು ಗಂಟೆ ಅದೇ.

ಇದು ಅವಳ ಕೈಗೆ ಹೇಗೆ ಹತ್ತಿತು ಅಂದರೆ, ಅವಳ ಅಪ್ಪನಿಂದ. ಅವರು ಗದಗದಲ್ಲಿ ಹತ್ತಿ ಜಿನ್ನಿನಲ್ಲಿ ತೂಕ ಬರೆಯುತ್ತಿದ್ದವರು. ಭಾನುವಾರ ಬಂದರೆ ಕ್ರಿಕೆಟ್ ಮ್ಯಾಚುಗಳಿಗೆ ಸ್ಕೋರರ್. ಗಂಡುಮಕ್ಕಳು ಇರಲಿಲ್ಲ ಅಂತ ಇವಳನ್ನೇ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದರಂತೆ, ಪೆನ್ಸಿಲ್ ಚೂಪು ಮಾಡಿಕೊಡಲಿಕ್ಕೆ. ಶಾಮಿಯಾನದ ಕೆಳಗೆ ಒಂದೇ ಮೇಜು. ಎರಡು ತಂಡದ ಸ್ಕೋರರೂ ಪಕ್ಕಪಕ್ಕದಲ್ಲಿ ಕೂತು ಬರೆಯಬೇಕು. ಒಂದೊಂದು ಓವರ್ ಮುಗಿದ ಮೇಲೂ ಇಬ್ಬರೂ ಪುಸ್ತಕ ತಾಳೆ ನೋಡಬೇಕು. ಅಂಪೈರು ಸನ್ನೆ ಮಾಡಿದರೆ ಇವರು ಕೈ ಎತ್ತಿ 'ಕಂಡೆವು' ಅಂತ ತೋರಿಸಬೇಕು. ಕೈ ಎತ್ತುವವರೆಗೆ ಅಂಪೈರು ಮುಂದಿನ ಚೆಂಡು ಹಾಕಲು ಬಿಡುವುದಿಲ್ಲ. ಇದನ್ನು ಹೇಳುವಾಗ ಮಾತ್ರ ನೀಲಗಂಗಾ ಸ್ವಲ್ಪ ನೆಟ್ಟಗೆ ಕೂರುತ್ತಿದ್ದಳು.

ಧಾರವಾಡದಲ್ಲಿ ಲೆಕ್ಕದ ಓದು ಓದಿದಳು. ಶರಣ ಅನ್ನುವವನನ್ನು ಮದುವೆಯಾದಳು. ಇಬ್ಬರೂ ಬೇರೆ ಬೇರೆ ಕಂಪನಿಯ ವೀಸಾದಲ್ಲಿ ಬಂದರು, ಅದೇ ತೊಡಕಾಯಿತು. ಅವಳು ಮೊದಲು ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ನಾಲ್ಕು ಜನ ಹೆಂಗಸರ ಜೊತೆ ಒಂದು ಅಪಾರ್ಟ್‌ಮೆಂಟಿನಲ್ಲಿ. ಅವನು ಶಾರ್ಲಟ್‌ನಲ್ಲಿ, ಬ್ಯಾಲಂಟೈನ್ ಕಡೆ, ಒಂದು ಬ್ಯಾಂಕಿಗೆ ಕಾಂಟ್ರಾಕ್ಟು. ಅವಳು ಶಾರ್ಲಟ್‌ಗೆ ಕೆಲಸ ಹುಡುಕಿಕೊಂಡು ಹೋದಳು, ಎಂಟು ತಿಂಗಳಿಗೆ ಆ ಕೆಲಸ ನಿಂತಿತು. ಆಮೇಲೆ ಸಿಕ್ಕಿದ್ದು ಇಲ್ಲಿ, ಮೇರಿಲ್ಯಾಂಡಿನಲ್ಲಿ. ಎರಡು ವಾರಕ್ಕೊಮ್ಮೆ ಶುಕ್ರವಾರ ಒಬ್ಬರು ಏಳು ಗಂಟೆ ಡ್ರೈವ್ ಮಾಡಿಕೊಂಡು ಇನ್ನೊಬ್ಬರ ಹತ್ತಿರ ಹೋಗುವುದು, ಭಾನುವಾರ ಏಳು ಗಂಟೆ ವಾಪಸ್ಸು. ಶರಣ ಬಂದಾಗ ಮೊದಲು ಮಾಡುತ್ತಿದ್ದ ಕೆಲಸ, ಮೇಲೆ ಬಂದು ನನಗೆ ನಮಸ್ಕಾರ ಹೇಳಿ ಸೋಫಾದಲ್ಲಿ ಕೂತು ನಿದ್ದೆ ಹೋಗುವುದು. ಕೂತೇ ನಿದ್ದೆ. ನೀಲಗಂಗಾ ಬಂದು ಎಬ್ಬಿಸಿ ಕೆಳಗೆ ಕರೆದುಕೊಂಡು ಹೋಗುತ್ತಿದ್ದಳು.

ಅವಳ ಆಫೀಸು ಅಂದರೆ ಪಕ್ಕದ ಊರು ಕೊಲಂಬಿಯಾದಲ್ಲಿ ಹಲ್ಲಿನ ಡಾಕ್ಟರರ ಮಹಡಿಯ ಮೇಲೆ ಎರಡು ಕೋಣೆ. ಇಟ್ಟವರು ಮುರಳೀಧರ ಅಂತ, ಬಸವನಗುಡಿಯವರು, ಐವತ್ತೈದು ಆಗಿರಬಹುದು. ಬೆಂಗಳೂರಿನಲ್ಲಿ ಕ್ಲಬ್ಬಿಗೆ ವಿಕೆಟ್ ಕೀಪರ್ ಆಗಿದ್ದವರು. ಇಲ್ಲಿ ಆಟಗಾರರ ವಕೀಲರಿಗೆ ವೀಡಿಯೋ ನೋಡಿ ಲೆಕ್ಕ ತೆಗೆದುಕೊಡುವ ವ್ಯವಹಾರ. ಕೆಲಸಕ್ಕೆ ಇದ್ದವರು ನೀಲಗಂಗಾ ಮತ್ತು ಇನ್ನೊಬ್ಬಳು, ಸಪ್ನಾ ಅಂತ. ಸಪ್ನಾ ಹೆರಿಗೆಗೆ ಹೋದವಳು ಮತ್ತೆ ಬರಲಿಲ್ಲ. ಮುರಳೀಧರ ಮೊದಲನೇ ದಿನವೇ ನೀಲಗಂಗಾಗೆ ಹೇಳಿಕೊಟ್ಟಿದ್ದರಂತೆ: "ತಲೆ ಕೆಡಿಸ್ಕೋಬೇಡಿ. ಸ್ಲಿಪ್ಪು, ಗಲ್ಲಿ, ಪಾಯಿಂಟ್ ಅಂತೀವಲ್ಲ, ಹಾಗೇ ಇದೂ. ಎಲ್ಲಿ ನಿಲ್ಲಿಸಿದ್ದಾರೋ ಅದು ಅವನ ಜಾಗ."

ಈ ಮಾತು ನೆನಪಿರಲಿ.

ಎರಡು ಸಾವಿರದ ಇಪ್ಪತ್ತಮೂರರ ಮಾರ್ಚಿನಲ್ಲಿ ದೊಡ್ಡ ಕೆಲಸ ಬಂತು. ದಕ್ಷಿಣದ ಕಡೆಯ ಒಂದು ತಂಡದಲ್ಲಿ ಎಂಬತ್ತೆಂಟನೇ ನಂಬರಿನ ಆಟಗಾರ. ಅವನ ಒಪ್ಪಂದ ಮುಗಿದಿತ್ತು. ಮುಗಿದರೂ ತಂಡದವರು ಬೇಕಾದ ಒಬ್ಬನನ್ನು ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳಬಹುದಂತೆ, ಅವನು ಬೇರೆ ಕಡೆ ಹೋಗುವ ಹಾಗಿಲ್ಲ. ಅದಕ್ಕೆ ಬದಲು, ಅವನು ನಿಲ್ಲುವ ಜಾಗದಲ್ಲಿ ಆಡುವ ಹೆಸರುವಾಸಿಗಳಿಗೆ ಏನು ಸಿಗುತ್ತೋ ಅದನ್ನು ನೋಡಿ ಇವನಿಗೂ ಕೊಡಬೇಕು. ಜಗಳ ಅಲ್ಲಿಯೇ. ಸಾಲಿನ ತುದಿಗೆ ತಾಗಿ ನಿಂತು ಗುದ್ದಾಡುತ್ತಾ ಆಗಾಗ ಚೆಂಡೂ ಹಿಡಿಯುವವನಿಗೆ ಟೈಟ್ ಎಂಡ್ ಅಂತ ಹೆಸರು. ದೂರ ಬಯಲಲ್ಲಿ ನಿಂತು ಓಡಿ ಚೆಂಡು ಹಿಡಿಯುವವನಿಗೆ ರಿಸೀವರ್ ಅಂತ ಹೆಸರು. ದೂರದವನಿಗೆ ಬೆಲೆ ಬಹಳ ಹೆಚ್ಚು. ಎಂಬತ್ತೆಂಟನೆಯವನನ್ನು ಎರಡೂ ಕಡೆ ನಿಲ್ಲಿಸಿದ್ದರು. ಬೆಲೆ ಕಟ್ಟುವಾಗ ತಂಡದವರು ಟೈಟ್ ಎಂಡ್ ಅಂದರು, ಅವನು ರಿಸೀವರ್ ಅಂದ. ದೂರು ಇಬ್ಬರ ನಡುವೆ ತೀರ್ಪು ಹೇಳುವವರ ಮುಂದೆ ಹೋಯಿತು.

"ಅಡುಗೆಗೆ ಅಂತ ಕರೆದು ಮುಸುರೆಗೂ ಹಚ್ಚಿ, ಸಂಬಳ ಕೊಡೋವಾಗ ಮುಸುರೆಯವಳು ಅಂದ ಹಾಗಾಯ್ತು," ಅಂದೆ ನಾನು.

"ಹಂಗ ನೋಡ್ರಿ," ಅಂದಳು ನೀಲಗಂಗಾ. "ಈಗ ಅಡಗಿ ಎಷ್ಟು ದಿನಾ ಮಾಡಿದ್ಳು, ಮುಸುರಿ ಎಷ್ಟು ದಿನಾ ತಿಕ್ಕಿದ್ಳು ಅಂತ ನಾ ಎಣಸಬೇಕು. ಅರ್ಧಕ್ಕಿಂತ ಒಂದು ಹೆಚ್ಚು ಯಾವ ಕಡಿಗೆ ಬರತದ, ಆ ಹೆಸರು."

ಅವನ ಹದಿನೈದು ಮ್ಯಾಚು, ಎಂಟುನೂರ ಹನ್ನೆರಡು ಆಟ. ಅರ್ಧ ಅಂದರೆ ನಾನೂರ ಆರು.

ಈ ಎಣಿಕೆಯ ಮೇಲೆ ಅವನದು ಮಾತ್ರ ಅಲ್ಲ, ಇವಳದೂ ನಿಂತಿತ್ತು. ಅವನ ಪರವಾಗಿ ನಿಂತ ವಾಷಿಂಗ್ಟನ್ನಿನ ವಕೀಲರು ಮುರಳೀಧರ ಅವರಿಗೆ ಹೊಸಬರು, ದೊಡ್ಡವರು. ಗೆದ್ದರೆ ವರ್ಷ ವರ್ಷ ಕೆಲಸ ಕೊಡುತ್ತೇವೆ ಅಂದಿದ್ದರು. ಹಾಗೆ ಕೊಟ್ಟರೆ ನಿಮ್ಮ ಗ್ರೀನ್ ಕಾರ್ಡಿಗೆ ಹಾಕೇ ಬಿಡ್ತೀನಿ ಅಂತ ಮುರಳೀಧರ ನೀಲಗಂಗಾಗೆ ಮಾತು ಕೊಟ್ಟಿದ್ದರು. ಇಲ್ಲದಿದ್ದರೆ ಆ ಎರಡು ಕೋಣೆಯನ್ನೂ ಬಿಡಬೇಕಾಗಿತ್ತು. ಕೆಲಸ ಹೋದರೆ ವೀಸಾದವರಿಗೆ ಅರವತ್ತು ದಿನ. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ಅವಳು ಗಂಡನ ವೀಸಾದ ಬಾಲಕ್ಕೆ ಕಟ್ಟಿಕೊಂಡು ಅವನ ಮೇಲೆ ಅವಲಂಬಿಸಿದವಳು ಅಂತ ಇರಬೇಕು. ಇರಬಹುದು, ಆದರೆ ದುಡಿಯುವ ಹಾಗಿಲ್ಲ. ಅವನ ಗ್ರೀನ್ ಕಾರ್ಡಿನ ಕಾಗದ ಇನ್ನೂ ಮೊದಲ ಮೆಟ್ಟಿಲಲ್ಲೇ ಇತ್ತು.

ಏಪ್ರಿಲ್ ಪೂರ್ತಿ ಆಫೀಸಿಗೆ ಹೋಗದೆ ಬೇಸ್‌ಮೆಂಟಿನಲ್ಲೇ ಕೂತು ಎಣಿಸಿದಳು. ಕಣ್ಣಿನ ಕೆಳಗೆ ಕಪ್ಪಾಯಿತು. ವೀಡಿಯೋದಲ್ಲಿ ಮಸುಕಾದ ಕೆಲವನ್ನು ಆಟಗಾರನನ್ನೇ ಕೇಳಬೇಕು ಅಂತ ಒಂದು ದಿನ ವಕೀಲರು ಕಂಪ್ಯೂಟರಿನಲ್ಲಿ ಅವನನ್ನು ಕರೆಸಿದರು. ನಾನು ಮೆಟ್ಟಿಲ ಮೇಲೆ ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದೆ, ಧ್ವನಿ ಮಾತ್ರ ಕೇಳಿಸಿತು. ಅಷ್ಟು ದೊಡ್ಡ ಆಳಿಗೆ ಸಣ್ಣ ಧ್ವನಿ, ನಿದ್ದೆ ಸಾಲದವನ ಧ್ವನಿ. ಮಾತು ಮಾತಿಗೂ ಇವಳಿಗೆ 'ಮ್ಯಾಮ್' ಅನ್ನುತ್ತಿದ್ದ. ಮುಗಿದ ಮೇಲೆ ಏನಂದ ಅಂತ ಕೇಳಿದೆ.

"ಮೊಣಕಾಲಿಗೆ ಐಸ್ ಕಟ್ಟಿಕೊಂಡು ಕುಂತಿದ್ದ ಪಾಪ. 'ಮ್ಯಾಮ್, ನನಗೇನೂ ನೆನಪಿಲ್ಲ. ಎಲ್ಲಿ ನಿಲ್ಲು ಅಂದ್ರೋ ಅಲ್ಲಿ ನಿಂತೆ' ಅಂದ," ಅಂದಳು. ಪರದೆಯ ಕಡೆ ತಿರುಗಿ, "ನಮ್ಮಂಗ," ಅಂದಳು.

ಎಣಿಕೆ ಬಂತು. ದೂರ ನಿಂತದ್ದು ನಾನೂರ ಅರವತ್ತಮೂರು. ಅರ್ಧಕ್ಕಿಂತ ಐವತ್ತೇಳು ಹೆಚ್ಚು. ವಕೀಲರು ಫೋನು ಮಾಡಿ ಹೊಗಳಿದರಂತೆ. ಮುರಳೀಧರ ಒಂದು ಡಬ್ಬಿ ಬಾದಾಮ್ ಹಲ್ವ ಕಳಿಸಿದರು. ವಿಚಾರಣೆ ಜೂನಿನಲ್ಲಿ, ಅಲ್ಲಿಯವರೆಗೆ ಇನ್ನೊಂದು ಸುತ್ತು ನೋಡಿ ಗಟ್ಟಿ ಮಾಡಿಕೊಳ್ಳಿ ಅಂತ ವಕೀಲರು ಹೇಳಿದ್ದರಿಂದ ಇವಳು ಮತ್ತೆ ಮೊದಲಿನಿಂದ ನೋಡತೊಡಗಿದಳು.

ಮೇ ತಿಂಗಳ ಒಂದು ಮಧ್ಯಾಹ್ನ. ನೀರಜಾ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದಳು, ಮನೆ ಖಾಲಿ. ನಾನು ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದುಕೊಂಡು ಕೆಳಗೆ ಹೋಗಿ ಅವಳ ಹಿಂದೆ ಕೂತೆ. ಪರದೆ ನೋಡುವುದು ನನಗೆ ಆಗದು, ಆ ಗುದ್ದಾಟ ನೋಡಿದರೆ ನನ್ನ ಭುಜ ನೋಯುತ್ತೆ. ಗೋಡೆ ಕಡೆ ಮುಖ ಮಾಡಿ ಕಾಳು ಹಿತುಕುತ್ತಾ ಇದ್ದೆ. ಕಿವಿ ಮಾತ್ರ ಅಲ್ಲೇ. ಟಕ್ ಅಂತ ಅವಳ ಕೀಲಿ. ಆಮೇಲೆ ಜನರ ಗುಜುಗುಜು. ಆಮೇಲೆ 'ಹಟ್'. ಆಮೇಲೆ ಗುದ್ದು. ಮತ್ತೆ ಟಕ್, ಗುಜುಗುಜು, 'ಹಟ್', ಗುದ್ದು. ಹತ್ತಿಪ್ಪತ್ತು ಸಲ ಕೇಳಿದೆ. ನನಗೆ ಏನೂ ತಿಳಿಯದು, ಆದರೂ ಬಾಯಿ ಸುಮ್ಮನಿರಲಿಲ್ಲ.

"ಗಂಗಾ, ಒಂದು ಕೇಳ್ತೀನಿ. ನಿನ್ನ ಟಕ್ ಯಾವಾಗಲೂ ಆ ಕೂಗಿಗೆ ಮೊದಲೇ ಬರುತ್ತಲ್ಲ. ನಡುವೆ ಸುಮಾರು ಹೊತ್ತು ಇರುತ್ತೆ. ಅಷ್ಟರಲ್ಲಿ ಅವರು ಏನು ಮಾಡ್ತಾರೆ?"

"ಏನಿಲ್ರಿ. ಸುಮ್ನ ಒಂದಿಬ್ಬರು ಆ ಕಡಿ ಈ ಕಡಿ ಹೊಂದಿಕೋತಾರ."

"ನಿನ್ನ ಎಂಬತ್ತೆಂಟನೆಯವನೂನಾ?"

"ಅವನೂ ಒಮ್ಮೊಮ್ಮೆ ದೂರದಿಂದ ಒಳಗ..." ಅಂದವಳು ನಿಲ್ಲಿಸಿದಳು.

ನಾನು ತಿರುಗಿ ನೋಡಿದೆ. ಕೈ ಕೀಲಿಯ ಮೇಲೇ ಇತ್ತು. ವೀಡಿಯೋ ತಾನಾಗಿ ಓಡುತ್ತಾ ಇತ್ತು, ಅವಳು ನೋಡುತ್ತಿರಲಿಲ್ಲ.

ಅವಳು ಆಮೇಲೆ ಬಿಡಿಸಿ ಹೇಳಿದ್ದರಿಂದ ನನಗೆ ಅರ್ಥವಾಯಿತು. ಕ್ರಿಕೆಟ್ಟಿನಲ್ಲಿ ಕ್ಯಾಪ್ಟನ್ ಒಬ್ಬನನ್ನು ಪಾಯಿಂಟಿನಲ್ಲಿ ನಿಲ್ಲಿಸಿದರೆ, ಚೆಂಡು ಹಾಕುವಾಗ ಅವನು ನಾಲ್ಕು ಹೆಜ್ಜೆ ಒಳಗೆ ನಡೆದು ಬಂದರೂ ಅವನು ಪಾಯಿಂಟೇ. ನಿಲ್ಲಿಸಿದ ಜಾಗವೇ ಹೆಸರು. ಅಪ್ಪನ ಪಕ್ಕ ಕೂತು ಅವಳ ಕಣ್ಣು ಹಾಗೇ ಪಳಗಿತ್ತು, ಮುರಳೀಧರ ಅವರ ಕಣ್ಣೂ ಹಾಗೆಯೇ, ಅವರು ಹೇಳಿಕೊಟ್ಟದ್ದೂ ಹಾಗೆಯೇ. ಈ ಆಟದಲ್ಲಿ ಹಾಗಲ್ಲ. ಮೊದಲು ದೂರ ನಿಂತವನು ಕೂಗುವುದಕ್ಕೆ ಮುಂಚೆ ಸಾಲಿನ ಹಿಂದಿನಿಂದ ಓಡಿ ಬಂದು ತುದಿಗೆ ತಾಗಿ ನಿಲ್ಲಬಹುದು. ಚೆಂಡು ಹೊರಟ ಗಳಿಗೆಯಲ್ಲಿ ಎಲ್ಲಿದ್ದ ಅನ್ನುವುದೇ ಲೆಕ್ಕ. ಇಲ್ಲಿ ಹುಟ್ಟಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಇವರಿಬ್ಬರೂ ಯಾರನ್ನೂ ಕೇಳಿರಲಿಲ್ಲ.

ಆ ದಿನ ಒಂದು ಮ್ಯಾಚು ಮಾತ್ರ ಹೊಸದಾಗಿ ಎಣಿಸಿದಳು. ಮೊದಲು ದೂರ ಅಂತ ಬರೆದದ್ದರಲ್ಲಿ ಏಳು ಒಳಗೆ ಬಂತು. ಒಂದು ಮ್ಯಾಚಿಗೆ ಏಳಾದರೆ ಹದಿನೈದಕ್ಕೆ ಎಷ್ಟು ಅಂತ ನನಗೂ ಗುಣಿಸಲಿಕ್ಕೆ ಬರುತ್ತೆ. ಐವತ್ತೇಳು ಉಳಿಯುವುದಿಲ್ಲ.

"ನಾನು ಬಾಯಿ ಮುಚ್ಕೊಂಡಿದ್ರೆ ಚೆನ್ನಾಗಿತ್ತು," ಅಂದೆ.

"ಬಿಡ್ರಿ ಅಮ್ಮಾರ. ಆ ಕಡಿಯವರು ಹಿಡೀತಿದ್ರು."

"ಹಿಡೀತಿದ್ರಾ?"

"ಹಿಡೀತಿದ್ದಿಲ್ಲೇನೋ," ಅಂದಳು. "ಅವರು ಬರೇ ಎದಿಯುಬ್ಬಿಸಿ ವಾದಾ ಮಾಡೋರು. ಎಂಟುನೂರು ಕೂತು ಯಾರು ನೋಡ್ತಾರ."

ಶನಿವಾರ ಮುರಳೀಧರ ಮನೆಗೇ ಬಂದರು. ಊಟದ ಮೇಜಿನ ಹತ್ತಿರ ಕೂತರು. ನಾನು ಕಾಫಿ ಕೊಟ್ಟೆ. ನೀಲಗಂಗಾ ಲ್ಯಾಪ್‌ಟಾಪ್ ತಿರುಗಿಸಿ ಆ ಏಳನ್ನೂ ತೋರಿಸಿದಳು. ಅವರು ಎರಡನೇ ತುಣುಕಿಗೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವ ಹೇಳಿಕೊಟ್ಟಿದ್ರಿ, ಸ್ಲಿಪ್ಪು ಗಲ್ಲಿ ಅಂತ," ಅಂದಳು ಅವಳು.

"ನಾನು ವಿಕೆಟ್ ಕೀಪರ್ ಕಣ್ರೀ. ಹದಿನಾಲ್ಕು ವರ್ಷ ನಿಂತ ಕಡೆನೇ ನಿಂತಿದ್ದವನು. ನನ್ನ ಮಾತು ಕೇಳಿದ್ರಲ್ಲ ನೀವು."

ಯಾರೂ ನಗಲಿಲ್ಲ. ಅವರೇ ಅರ್ಧ ನಕ್ಕು ಬಿಟ್ಟರು.

"ನೋಡಿ ನೀಲಗಂಗಾ ಅವರೇ," ಅಂದರು ಆಮೇಲೆ, ಧ್ವನಿ ತಗ್ಗಿಸಿ. "ನಮ್ಮದು ಒಂದು ಲೆಕ್ಕ, ಅವರದು ಒಂದು ಲೆಕ್ಕ. ಅವರು ಅವರಿಗೆ ಬೇಕಾದ್ದೇ ತರ್ತಾರೆ. ನಡುವೆ ಕೂತವರು ಯಾವುದೋ ಒಂದು ಒಪ್ಕೋತಾರೆ. ಕೊಟ್ಟಾಗಿದೆ. ಇದು ಹೋದ್ರೆ ಆ ಆಫೀಸಿಗೆ ನಾನು ಬೀಗ ಹಾಕಬೇಕು. ನಾನು ಹೇಗೋ ಬದುಕ್ತೀನಿ, ಸಿಟಿಜನ್ನು. ನಿಮಗೆ ಅರವತ್ತು ದಿನ. ನಿಮಗೋಸ್ಕರ ಹೇಳ್ತಾ ಇದೀನಿ."

"ನನಗ ಗೊತ್ತೈತ್ರಿ ಸರ್."

"ಗೊತ್ತಿದ್ದೂ?"

ನೀಲಗಂಗಾ ಕಾಫಿ ಲೋಟದ ಅಂಚು ಒರೆಸುತ್ತಿದ್ದಳು. ಆಗ ಅವಳು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. ಅವಳಿಗೆ ಹನ್ನೊಂದು ವರ್ಷ ಇದ್ದಾಗ ಒಂದು ಮ್ಯಾಚು. ಅವಳ ಅಪ್ಪ ಬರೆಯುತ್ತಿದ್ದ ತಂಡ ಒಂದು ರನ್ನಿನಿಂದ ಗೆದ್ದಿತ್ತು. ಹಾರ ಹಾಕುವುದಕ್ಕೆ ಮುಂಚೆ ಅಪ್ಪ ಪುಸ್ತಕ ಕೂಡಿಸಿ ನೋಡಿದರೆ, ಎರಡು ಲೆಗ್ ಬೈ ರನ್ನನ್ನು ಎರಡು ಸಲ ಬರೆದುಬಿಟ್ಟಿದ್ದರು, ಅದನ್ನು ಕಳೆದರೆ ಗೆದ್ದ ಮ್ಯಾಚು ಸೋಲು. ಆ ಕಡೆಯ ಸ್ಕೋರರ್ ಹೊಸಬ, ಇವರ ಪುಸ್ತಕ ನೋಡಿಯೇ ಬರೆದಿದ್ದ, ಹಾಗಾಗಿ ಅವನದೂ ತಾಳೆ ಬಿದ್ದಿತ್ತು. ಯಾರಿಗೂ ಗೊತ್ತಿಲ್ಲ. ಅಪ್ಪ ಎದ್ದು ನಿಂತು ಅಂಪೈರಿಗೆ ಕೈ ಎತ್ತಿದರು.

"ಆಮೇಲೆ?" ಅಂದರು ಮುರಳೀಧರ.

"ಆಮ್ಯಾಲೇನು. ನಮಗ ಊಟದ ಪೊಟ್ಟಣಾನೂ ಕೊಡಲಿಲ್ಲ. ಅಪ್ಪನ ಸೈಕಲ್ಲಿನ ಗಾಳಿ ಬಿಟ್ಟಿದ್ರು. ನಡಕೋತ ಮನಿಗೆ ಬಂದ್ವಿ. ಒಳ್ಳೇದೇನೂ ಆಗಲಿಲ್ರಿ ಸರ್, ಸುಳ್ಳ್ಯಾಕ ಹೇಳಲಿ. ಆದ್ರ ಅಪ್ಪ ಮರುದಿವಸ ಜಿನ್ನಿಗೆ ಹೋಗಿ ತೂಕ ಬರದ್ರು. ಅಪ್ಪ ಬರದ್ರು ಅಂದ್ರ ಆ ತೂಕ ಯಾರೂ ತಿರುಗಿ ನೋಡ್ತಿದ್ದಿಲ್ಲ."

ಮುರಳೀಧರ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡರು. "ಕಾಫಿ ಚೆನ್ನಾಗಿತ್ತು ಆಂಟಿ," ಅಂತ ನನಗೆ ಹೇಳಿ ಹೊರಟರು. ಬಾಗಿಲ ಹತ್ತಿರ ಷೂ ಕಟ್ಟಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಿನ ಗಂಟೆ ಕೇಳಿಸಿತು. ಬಾಗಿಲು ತೆರೆದರೆ ಮುರಳೀಧರ, ಕೈಯಲ್ಲಿ ತಮ್ಮದೊಂದು ಪರದೆ. "ಎಣಿಸೋದಾದ್ರೆ ಸರಿಯಾಗಿ ಎಣಿಸೋಣ," ಅಂದರು. "ಸ್ಕೋರರ್‌ಗಳು ಇಬ್ಬರಿರಬೇಕಲ್ಲ."

ಒಂಬತ್ತು ದಿನ ಕೂತರು, ಬೇಸ್‌ಮೆಂಟಿನಲ್ಲಿ, ಒಂದೇ ಮೇಜಿಗೆ. ಒಬ್ಬರದು ಇನ್ನೊಬ್ಬರಿಗೆ ಕಾಣದ ಹಾಗೆ ನಡುವೆ ನೀರಜಾಳ ಅಕ್ಕಿ ಡಬ್ಬ ಇಟ್ಟುಕೊಂಡರು. ಒಂದು ಮ್ಯಾಚು ಮುಗಿದ ಮೇಲೆ ತಾಳೆ ನೋಡುವುದು. ಬೇರೆ ಬಂದರೆ ಇಬ್ಬರೂ ಸೇರಿ ಹಿಂದಕ್ಕೆ ಎಳೆದು ನೋಡುವುದು.

"ಇದು ಒಳಗೆ ಕಣ್ರೀ."

"ಕಾಲು ನೋಡ್ರಿ ಸರ್, ಕಾಲು. ತಲಿ ನೋಡಬ್ಯಾಡ್ರಿ."

"ಆಂಟಿ, ನಿಮಗೇನು ಕೇಳಿಸ್ತು?"

"ಕೂಗಿದ ಮೇಲೆ ಇಬ್ಬರದೂ ಟಕ್ ಬಂತಪ್ಪ," ಅನ್ನುತ್ತಿದ್ದೆ. ಅಷ್ಟೇ ನನ್ನ ಕೆಲಸ. ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ. ಮುರಳೀಧರ ರೊಟ್ಟಿ ಮುರಿದು ಸಾರಿಗೆ ಅದ್ದಿ ತಿನ್ನುವುದನ್ನು ನೋಡಿ ನೀಲಗಂಗಾ ಮುಖ ತಿರುಗಿಸುತ್ತಿದ್ದಳು. "ಬ್ರೆಡ್ ಅಲ್ರಿ ಅದು," ಅನ್ನುತ್ತಿದ್ದಳು. ಆ ಒಂಬತ್ತು ದಿನ ಅವಳು ನಕ್ಕದ್ದನ್ನು ಎರಡು ವರ್ಷದಲ್ಲಿ ನಾನು ಕೇಳಿರಲಿಲ್ಲ. ಸೋಲುತ್ತೇವೆ ಅಂತ ಇಬ್ಬರಿಗೂ ಮೂರನೇ ದಿನಕ್ಕೇ ಗೊತ್ತಾಗಿತ್ತು.

ಮುನ್ನೂರ ಎಪ್ಪತ್ತೊಂದು. ಅರ್ಧಕ್ಕಿಂತ ಮೂವತ್ತೈದು ಕಡಿಮೆ. ಇಬ್ಬರ ಪುಸ್ತಕದಲ್ಲೂ ಒಂದೇ.

ವಕೀಲರಿಗೆ ಫೋನು ಮಾಡಿದ್ದು ಮುರಳೀಧರ. ಆ ಕಡೆಯವರು ಹೊಸ ಎಣಿಕೆಯನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ 'ಓಕೆ' ಅಂತ ಒಂದು ಮಾತು, ಕೆಟ್ಟದ್ದೂ ಅಲ್ಲ ಒಳ್ಳೆಯದೂ ಅಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂದರು ಮುರಳೀಧರ. ಜೂನಿನಲ್ಲಿ ವಿಚಾರಣೆ ನಡೆಯಲೇ ಇಲ್ಲ, ವಕೀಲರು ದೂರು ವಾಪಸ್ ತೆಗೆದುಕೊಂಡರು. ಜುಲೈಯಲ್ಲಿ ಎಂಬತ್ತೆಂಟನೆಯವನು ಅದೇ ತಂಡದ ಜೊತೆ ಮೂರು ವರ್ಷಕ್ಕೆ ರುಜು ಹಾಕಿದ. ಅವನು ಕೇಳಿದ್ದೂ ಅಲ್ಲ, ಅವರು ಹೇಳಿದ್ದೂ ಅಲ್ಲ, ನಡುವಿನ ಒಂದು ಬೆಲೆ. ಫೋಟೋದಲ್ಲಿ ಎರಡೂ ಕಡೆಯವರು ಕೈ ಕುಲುಕುತ್ತಿದ್ದರು. ಅವನು ಮಾತ್ರ ಕುರ್ಚಿಯಲ್ಲಿ ಕೂತೇ ಕೈ ಕೊಟ್ಟಿದ್ದ.

"ಮೊಣಕಾಲು," ಅಂದಳು ನೀಲಗಂಗಾ.

ವಾಷಿಂಗ್ಟನ್ನಿನ ವಕೀಲರು ಮತ್ತೆ ಕೆಲಸ ಕೊಡಲಿಲ್ಲ. ಸೆಪ್ಟೆಂಬರಿನಲ್ಲಿ ಮುರಳೀಧರ ಹಲ್ಲಿನ ಡಾಕ್ಟರರಿಗೆ ಕೋಣೆಯ ಬೀಗದ ಕೈ ಕೊಟ್ಟರು. ಅವರು ತಮಗೆ ಗೊತ್ತಿದ್ದ ಎಲ್ಲ ಕಡೆ ಇವಳ ಹೆಸರು ಹೇಳಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ. ನೀಲಗಂಗಾ ದಿನಕ್ಕೆ ಹತ್ತು ಕಡೆ ಅಪ್ಲೈ ಮಾಡುತ್ತಿದ್ದಳು. ಇಬ್ಬರು ಕರೆದರು. ಇಂಥದ್ದೇನು ಕೆಲಸ, ನಿಂತ ಜಾಗ ಎಣಿಸುವುದು, ಅಂತ ಅವರೂ ನಕ್ಕರಂತೆ. ಐವತ್ತೊಂದನೇ ದಿನ ಶರಣನ ಮೇಲೆ ಅವಲಂಬಿಸಿದವಳು ಅಂತ ಕಾಗದ ಹಾಕಿದಳು. ಅರ್ಜಿಯಲ್ಲಿ ಉದ್ಯೋಗ ಅನ್ನುವ ಕಡೆ ಏನು ಬರೆಯಲಿ ಅಂತ ಮೇಲೆ ಬಂದು ನೀರಜಾಳನ್ನು ಕೇಳಿದಳು.

"ಇಲ್ಲ ಅಂತ ಬರಿ," ಅಂದಳು ನೀರಜಾ.

"ಹಂಗ ಬರೀಬೇಕಾ ಅಕ್ಕಾ?"

"ಹಾಗೇ ಬರೀಬೇಕು ಕಣೆ."

ಬರೆದಳು. ಅಂಗೈ ನೋಡಿಕೊಂಡು, "ಹದಿನೆಂಟು ವರ್ಷ ಆತು ಅಮ್ಮಾರ, ಕೆಲಸಕ್ಕ ಸೇರಿ," ಅಂದಳು. ನನ್ನ ಕಣ್ಣು ತಪ್ಪಿಸಿ ಹೇಳಲಿಲ್ಲ, ನನ್ನ ಮೇಲೆ ಹೊರಿಸಿಯೂ ಹೇಳಲಿಲ್ಲ. ನಾನೇ ಕಣ್ಣು ತಪ್ಪಿಸಿದೆ.

ಶರಣ ಒಂದು ವ್ಯಾನು ಬಾಡಿಗೆಗೆ ತಂದ. ಸಾಮಾನು ಬಂದಷ್ಟೇ ಇತ್ತು, ಎರಡು ಸೂಟ್‌ಕೇಸು, ಎರಡು ಪರದೆ. ಹಂಚು ನನಗೆ ಬಿಟ್ಟು ಹೋದಳು, ಶಾರ್ಲಟ್‌ನ ಮನೆಯಲ್ಲಿ ಇನ್ನೊಂದು ಇದೆಯಂತೆ. ಮುರಳೀಧರ ಬಂದು ಪರದೆಗಳನ್ನು ಕಂಬಳಿಯಲ್ಲಿ ಸುತ್ತಿಕೊಟ್ಟರು. ಹೊರಡುವಾಗ ಮಳೆಯಿಲ್ಲ ಬಿಸಿಲಿಲ್ಲ, ಒಂಥರಾ ಬೂದಿ ಬಣ್ಣದ ಬೆಳಗು. ಶರಣ ಈ ಸಲ ನಿದ್ದೆ ಹೋಗಲಿಲ್ಲ. "ಇನ್ನು ಏಳು ತಾಸು ಡ್ರೈವ್ ಮಾಡೂದು ತಪ್ಪತು ನೋಡ್ರಿ ಅಮ್ಮಾರ," ಅಂದ. ಅದು ಸಂತೋಷವೋ ಏನೋ. ಅವನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ.

ಬೇಸ್‌ಮೆಂಟಿಗೆ ಈಗ ಬೇರೆಯವರು ಬಂದಿದ್ದಾರೆ. ನೀಲಗಂಗಾ ಭಾನುವಾರ ಮಧ್ಯಾಹ್ನ ಫೋನು ಮಾಡುತ್ತಾಳೆ. ಕೆಲಸಕ್ಕೆ ಅನುಮತಿ ಬರಲು ಶರಣನ ಕಾಗದ ಇನ್ನೊಂದು ಮೆಟ್ಟಿಲು ಹತ್ತಬೇಕು, ಅದು ಹತ್ತಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನವರ ಮಗುವಿಗೆ ಲೆಕ್ಕ ಹೇಳಿಕೊಡುತ್ತಾಳೆ, ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಹೆಚ್ಚು ಹೇಳುವುದಿಲ್ಲ. ಏನು ಅಡುಗೆ ಅಂತ ಕೇಳುತ್ತಾಳೆ.

ಹೋದ ವಾರ ಮಾತಾಡುವಾಗ ಹಿಂದೆ ಟಿವಿ ಓಡುತ್ತಿತ್ತು. ಜನರ ಗುಜುಗುಜು ನನಗೆ ಪರಿಚಯದ್ದೇ. ಎಂಬತ್ತೆಂಟನೆಯವನ ಮ್ಯಾಚು ಅಂತ ಅವಳು ಹೇಳುವ ಮೊದಲೇ ಗೊತ್ತಾಯಿತು. ಶರಣ ದೂರದಿಂದ ಕೇಳುತ್ತಿದ್ದ, "ಗಂಗಾ, ನಿನ್ನ ಮನಶ್ಯಾ ಈಗ ಏನಂತ ನಿಂತಾನ? ರಿಸೀವರ್ರಾ, ಇನ್ನೊಂದಾ?"

"ತಡೀ," ಅಂದಳು ನೀಲಗಂಗಾ, ಫೋನು ಕಿವಿಯಲ್ಲೇ ಇತ್ತು. "ಇನ್ನೂ ಕೂಗಿಲ್ಲ."

ನಾನೂ ಈ ಕಡೆ ಸುಮ್ಮನೆ ಕಾದೆ.